ಅವಶೇಷ, ನಂಬಿಕೆ ಮತ್ತು ಸಂದೇಹ: ಅಸರ್ ಮಹಲಿನಿಂದ ‘ಭಾರತೀಪುರ’ದವರೆಗೆ

೧

ಬೆಂಗಳೂರಿನ ಉತ್ತರದ ಅಂಚಿನಲ್ಲಿರುವ ತಣಿಸಂದ್ರದ ಹೆಸರನ್ನು ನಿತ್ಯವೂ ಸಾವಿರಾರು ಜನ ಉಚ್ಚರಿಸುತ್ತಾರೆ. ಅದರ ಕೊನೆಯಲ್ಲಿರುವ ‘ಸಂದ್ರ’ವು ‘ಸಮುದ್ರ’ವೆಂಬ ಶಬ್ದದ ಸವೆದ ರೂಪವೆಂಬುದನ್ನು ಸ್ಥಳನಾಮಗಳ ಅಭ್ಯಾಸಿಗಳು ಬಲ್ಲರು. ಬೊಮ್ಮಸಂದ್ರ, ಸಿಂಗಸಂದ್ರ, ಜಕ್ಕಸಂದ್ರಗಳಲ್ಲಿರುವುದೂ ಇದೇ ಶಬ್ದ. ದೊಡ್ಡ ಕೆರೆಯನ್ನು ಸಮುದ್ರವೆಂದು ಕರೆಯುವುದು ನಮ್ಮ ಹಿರಿಯರ ವಾಡಿಕೆಯಾಗಿತ್ತು. ಹಾಗೆ ಕರೆದವರು ಈಗಿಲ್ಲ; ಅವರು ಯಾವ ಭಾವದಿಂದ ಕರೆದರೆಂಬುದನ್ನು ಬಲ್ಲವರೂ ಇಲ್ಲ. ಆ ಶಬ್ದದ ಎರಡಕ್ಷರ ಮಾತ್ರ ಜನರ ನಾಲಗೆಯ ಮೇಲೆ ಉಳಿದುಕೊಂಡಿದೆ. ಹೀಗೆ ಗತಿಸಿದುದರ ಗುರುತಾಗಿ ಉಳಿದುಬಂದ ವಸ್ತುವನ್ನು ನಾವು ಅವಶೇಷವೆನ್ನುತ್ತೇವೆ.

ಊರಿನ ಹೆಸರಿನಲ್ಲಿ ಅಡಗಿರುವ ಅವಶೇಷದ ವಿಷಯದಲ್ಲಿ ಯಾರೂ ಜಗಳವಾಡುವುದಿಲ್ಲ. ಧರ್ಮದ ಕ್ಷೇತ್ರದಲ್ಲಿರುವ ಅವಶೇಷಗಳ ವಿಷಯ ಹಾಗಲ್ಲ. ಮಹಾತ್ಮರ ದೇಹದ ಅಂಶ, ಚಿತಾಭಸ್ಮ, ಉಟ್ಟ ಬಟ್ಟೆ, ಮೆಟ್ಟಿದ ಪಾದುಕೆ, ಅವರು ಅಡಗಿದ ನೆಲ ಇವುಗಳ ಸುತ್ತ ಭಕ್ತಿಯೂ ಬೆಳೆದಿದೆ, ವಾದವೂ ಬೆಳೆದಿದೆ. ಇಂಥ ವಸ್ತುಗಳೆಲ್ಲವನ್ನೂ ಒಳಗೊಳ್ಳುವ ಒಂದೇ ಶಬ್ದ ಕನ್ನಡದಲ್ಲಿ ರೂಢಿಯಲ್ಲಿಲ್ಲ. ಬೌದ್ಧರು ಧಾತುವೆಂದರು, ಮಾಧ್ವರಿಗೆ ಬೃಂದಾವನವಿದೆ, ವೀರಶೈವರಿಗೆ ಗದ್ದುಗೆಯಿದೆ, ಮುಸಲ್ಮಾನರು ಅರಬ್ಬಿಯ ‘ಅಸರ್’ ಎಂಬ ಶಬ್ದವನ್ನು ತಂದರು, ಅದಕ್ಕೆ ಗುರುತು ಎಂದೇ ಅರ್ಥ, ರೋಮನ್ ಕ್ಯಾಥೊಲಿಕ್ ಇಗರ್ಜಿಗಳಲ್ಲಿ ಸಂತರ ಅವಶೇಷವನ್ನು ಬಲಿಪೀಠದಲ್ಲಿಡುವ ಪ್ರಾಚೀನ ಸಂಪ್ರದಾಯವಿದೆ. ಹೆಸರು ಬೇರೆಬೇರೆಯಾದರೂ ಸಮಸ್ಯೆ ಒಂದೇ.

ಆ ಸಮಸ್ಯೆಯನ್ನು ಸಾಮಾನ್ಯವಾಗಿ ಹೀಗೆ ನಿರೂಪಿಸುವುದುಂಟು: ಭಕ್ತನು ಈ ವಸ್ತು ನಿಜವಾದುದು, ಆದುದರಿಂದ ಪೂಜ್ಯ ಎನ್ನುತ್ತಾನೆ, ಸಂದೇಹಿಯು ಇದು ನಿಜವೆಂಬುದಕ್ಕೆ ಪ್ರಮಾಣವಿಲ್ಲ, ಆದುದರಿಂದ ಪೂಜೆ ವ್ಯರ್ಥ ಎನ್ನುತ್ತಾನೆ. ಇವರಿಬ್ಬರೂ ಒಂದು ವಿಷಯದಲ್ಲಿ ಒಮ್ಮತದವರು ಎಂಬುದನ್ನು ಗಮನಿಸಬೇಕು. ಅವಶೇಷದ ಶಕ್ತಿಯೆಲ್ಲ ಆ ವಸ್ತುವಿನ ನಿಜಸುಳ್ಳುಗಳಲ್ಲಿಯೇ ಅಡಗಿದೆಯೆಂದು ಇಬ್ಬರೂ ಭಾವಿಸಿದ್ದಾರೆ. ಈ ಒಮ್ಮತವು ಸರಿಯೆ ಎಂಬುದನ್ನು ಪರಿಶೀಲಿಸುವುದು ಪ್ರಕೃತ ಲೇಖನದ ಉದ್ದೇಶ. ಮೊದಲು ಕರ್ನಾಟಕದ ಎರಡು ನಿದರ್ಶನಗಳನ್ನು ನೋಡಿ, ಅವುಗಳ ಬೆಳಕಿನಲ್ಲಿ ಯು. ಆರ್. ಅನಂತಮೂರ್ತಿಯವರ ‘ಭಾರತೀಪುರ’ದ ಒಂದು ಪ್ರಸಂಗವನ್ನು ವಿಮರ್ಶಿಸಿ, ಕೊನೆಯಲ್ಲಿ ಸಂಶೋಧಕನಿಗೆ ಯಾವ ಬಗೆಯ ಸಂದೇಹವು ಉಚಿತವೆಂಬುದನ್ನು ವಿಚಾರಿಸುತ್ತೇವೆ.

೨

ವಿಜಯಪುರದ ಅಸರ್ ಮಹಲು ಮುಹಮ್ಮದ್ ಆದಿಲ್ ಶಹನ ಕಾಲದ್ದು. ಸುಮಾರು ೧೬೪೬ರಲ್ಲಿ ನಿರ್ಮಿತವಾಯಿತೆಂದು ಎಣಿಕೆ. ಪೂರ್ವಕ್ಕೆ ತೆರೆದ ಎತ್ತರವಾದ ಹಜಾರ, ಮಾಳಿಗೆಯನ್ನು ಹೊತ್ತ ತೇಗದ ಕಂಬಗಳು, ಎದುರಿಗೆ ಕೊಳ—ಇದು ಅದರ ಸ್ವರೂಪ. ಮೊದಲಿಗೆ ಇದು ನ್ಯಾಯಸಭೆಯಾಗಿದ್ದು ‘ದಾದ್ ಮಹಲ್’ ಎನಿಸಿಕೊಂಡಿತ್ತು. ಅನಂತರ ಪ್ರವಾದಿ ಮುಹಮ್ಮದರ ಗಡ್ಡದ್ದೆಂದು ನಂಬಲಾದ ಎರಡು ಕೂದಲೆಳೆಗಳಿಗೆ ಆಶ್ರಯವಾಗಿ ಈಗಿನ ಹೆಸರನ್ನು ಪಡೆಯಿತು. ಸಾಕ್ಷ್ಯಗಳನ್ನು ತೂಗುತ್ತಿದ್ದ ಕಟ್ಟಡವು ಸಾಕ್ಷ್ಯವನ್ನು ಬೇಡದ ವಸ್ತುವೊಂದರ ಮನೆಯಾಯಿತು.

ಈ ಕೂದಲೆಳೆಗಳು ಏಳನೆಯ ಶತಮಾನದ ಅರೇಬಿಯದಿಂದ ಬಂದವೆಂಬುದನ್ನು ಸಿದ್ಧಪಡಿಸುವುದು ಹೇಗೆ? ಐತಿಹ್ಯದ ಸರಪಣಿಯೊಂದು ಇರುತ್ತದೆ. ಇಂಥವರು ಇಂಥವರಿಗೆ ಕೊಟ್ಟರು, ಅವರು ಇಲ್ಲಿಗೆ ತಂದರು ಎಂಬ ಮಾತುಗಳಿರುತ್ತವೆ. ಅದಕ್ಕಿಂತ ಗಟ್ಟಿಯಾದ ಪ್ರಮಾಣ ಸಿಗಲಾರದು. ಆದರೆ ಭಕ್ತರು ನಿಜವಾಗಿ ಕೇಳುವ ಪ್ರಶ್ನೆ ಇದೇ ಏನು? ಇದನ್ನು ತಿಳಿಯಲು ವಿಜಯಪುರದೊಡನೆ ಸಂಬಂಧವುಳ್ಳ ಇನ್ನೊಂದು ಅವಶೇಷದ ಕಥೆ ಸಹಾಯಕವಾಗುತ್ತದೆ.

ಕಾಶ್ಮೀರದ ಹಜರತ್‌ಬಾಲಿನಲ್ಲಿ ಪ್ರವಾದಿಗಳದೆಂದು ಪೂಜ್ಯವಾಗಿರುವ ಕೂದಲೆಳೆಯೊಂದಿದೆ. ಅದು ೧೬೩೫ರಲ್ಲಿ ಸಯ್ಯದ್ ಅಬ್ದುಲ್ಲಾ ಎಂಬುವರ ಮೂಲಕ ಮದೀನದಿಂದ ವಿಜಯಪುರಕ್ಕೆ ಬಂದು, ಅವರ ಮಗನಿಂದ ಕಾಶ್ಮೀರದ ವರ್ತಕನೊಬ್ಬನ ಕೈಸೇರಿ, ಔರಂಗಜೇಬನ ಕಾಲದಲ್ಲಿ ಕಾಶ್ಮೀರವನ್ನು ತಲುಪಿತೆಂದು ಐತಿಹ್ಯವಿದೆ. ೧೯೬೩ರ ಡಿಸೆಂಬರ್ ೨೭ರಂದು ಅದು ಕಾಣೆಯಾಯಿತು. ಕಣಿವೆಯೆಲ್ಲ ಕ್ಷೋಭೆಗೊಂಡಿತು. ೧೯೬೪ರ ಜನವರಿ ೪ರಂದು ಅದು ದೊರಕಿತೆಂದು ಸರ್ಕಾರವು ಪ್ರಕಟಿಸಿತು. ಆದರೆ ಜನರ ಮನಸ್ಸು ಸಮಾಧಾನ ಹೊಂದಲಿಲ್ಲ. ದೊರೆತದ್ದು ಕಳೆದುಹೋದದ್ದೇ ಏನು ಎಂದು ಕೇಳಿದರು. ಕೊನೆಗೆ ಆ ವರ್ಷದ ಫೆಬ್ರವರಿಯಲ್ಲಿ, ಹಿಂದೆ ಅದನ್ನು ಕಂಡಿದ್ದ ಧರ್ಮವೃದ್ಧರು ದರ್ಶನಮಾಡಿ, ಮೀರಕ್ ಶಾಹರು ಅದೇ ಹೌದೆಂದು ನುಡಿದ ಮೇಲೆ ಕ್ಷೋಭೆ ಇಳಿಯಿತು.

ಇಲ್ಲಿ ಜನರು ಕೇಳಿದ ಪ್ರಶ್ನೆಯ ರೀತಿಯನ್ನು ವಿದ್ಯಾರ್ಥಿಗಳು ಸೂಕ್ಷ್ಮವಾಗಿ ನೋಡಬೇಕು. ಅವರು ಸಂದೇಹಪಟ್ಟರು, ಅಧಿಕೃತ ಹೇಳಿಕೆಯನ್ನು ಒಪ್ಪದೆ ಪರೀಕ್ಷೆಯನ್ನು ಅಪೇಕ್ಷಿಸಿದರು. ನಂಬಿಕೆಯುಳ್ಳವರಿಗೆ ಸಂದೇಹವೇ ಇರುವುದಿಲ್ಲವೆಂಬ ಮಾತು ಇಲ್ಲಿಗೆ ಸಲ್ಲದು. ಆದರೆ ಅವರ ಸಂದೇಹವು ಪ್ರಯೋಗಾಲಯದ ಸಂದೇಹವಲ್ಲ. ಇದು ಯಾರ ಕೂದಲು ಎಂದು ಅವರು ಕೇಳಲಿಲ್ಲ. ನಾವು ಇಷ್ಟು ಕಾಲ ಕಾಪಾಡಿಕೊಂಡು ಬಂದದ್ದು ಇದೇ ಏನು ಎಂದು ಕೇಳಿದರು. ಮೊದಲನೆಯದು ಮೂಲದ ಪ್ರಶ್ನೆ, ಎರಡನೆಯದು ಪಾಲನೆಯ ಪ್ರಶ್ನೆ. ಇವೆರಡನ್ನೂ ಬೆರೆಸುವುದರಿಂದಲೇ ಅವಶೇಷಗಳನ್ನು ಕುರಿತ ವಾದಗಳಲ್ಲಿ ಅರ್ಧದಷ್ಟು ಹುಟ್ಟುತ್ತವೆ. ಇಟಲಿಯ ಟ್ಯೂರಿನ್ನಿನಲ್ಲಿರುವ, ಯೇಸುವಿನ ಶವವಸ್ತ್ರವೆಂದು ನಂಬಲಾದ ಬಟ್ಟೆಯನ್ನು ೧೯೮೮ರಲ್ಲಿ ಇಂಗಾಲದ ವಿಧಾನದಿಂದ ಪರೀಕ್ಷಿಸಿ, ಅದು ೧೨೬೦ರಿಂದ ೧೩೯೦ರ ನಡುವಿನದೆಂದು ವಿಜ್ಞಾನಿಗಳು ನಿರ್ಣಯಿಸಿದರು. ಇದು ಮೂಲದ ಪ್ರಶ್ನೆಗೆ ಸ್ಪಷ್ಟವಾದ ಉತ್ತರ. ಆದರೂ ಯಾತ್ರಿಕರು ನಿಲ್ಲಲಿಲ್ಲ. ಅವರನ್ನೆಲ್ಲ ಮೂಢರೆಂದು ತಳ್ಳಿಹಾಕುವುದು ಸುಲಭ. ಅವರಿಗೆ ಮುಖ್ಯವಾಗಿದ್ದ ಪ್ರಶ್ನೆಗೆ ಆ ಪರೀಕ್ಷೆಯು ಉತ್ತರವಾಗಿರಲಿಲ್ಲವೆಂಬುದು ಹೆಚ್ಚು ಸರಿಯಾದ ವಿವರಣೆ.

ಅಸರ್ ಮಹಲಿಗೆ ಸಂಬಂಧಿಸಿದ ಇನ್ನೊಂದು ಸಂಗತಿಯನ್ನು ಇಲ್ಲಿ ಹೇಳಿಬಿಡಬೇಕು. ಆದಿಲ್ ಶಾಹಿಗಳ ಗ್ರಂಥಭಂಡಾರದಿಂದ ಉಳಿದುಬಂದಿದ್ದ ಅರಬ್ಬಿ, ಪಾರಸಿ ಹಸ್ತಪ್ರತಿಗಳು ಈ ಮಹಲಿನಲ್ಲಿಯೇ ಇದ್ದುವು. ೧೮೫೩ರಲ್ಲಿ ಅವು ಈಸ್ಟ್ ಇಂಡಿಯಾ ಕಂಪನಿಯ ಗ್ರಂಥಾಲಯಕ್ಕೆಂದು ಲಂಡನ್ನಿಗೆ ಸಾಗಿದುವು. ಈಗ ಬ್ರಿಟಿಷ್ ಲೈಬ್ರರಿಯಲ್ಲಿವೆ. ಕೂದಲೆಳೆಗಳ ಪೆಟ್ಟಿಗೆ ಮಾತ್ರ ಊರಿನಲ್ಲಿಯೇ ಉಳಿಯಿತು. ಯಾವುದನ್ನು ಕಾಯುವ ಜನರಿದ್ದರೋ ಅದು ಉಳಿಯಿತು. ಯಾವುದನ್ನು ಓದುವ ಜನರು ಇಲ್ಲವಾಗಿದ್ದರೋ ಅದು ಹೋಯಿತು. ಈ ಮಾತಿಗೆ ಕೊನೆಯಲ್ಲಿ ಮತ್ತೆ ಬರುತ್ತೇವೆ.

೩

ಎರಡನೆಯ ನಿದರ್ಶನವು ಆನೆಗೊಂದಿಯ ಬಳಿ ತುಂಗಭದ್ರೆಯ ನಡುಗಡ್ಡೆಯಲ್ಲಿರುವ ನವಬೃಂದಾವನ. ಒಂಬತ್ತು ಮಂದಿ ಮಾಧ್ವ ಯತಿಗಳ ಬೃಂದಾವನಗಳು ಅಲ್ಲಿವೆ. ವಿಜಯನಗರದ ಅರಸರ ಗೌರವಕ್ಕೆ ಪಾತ್ರರಾಗಿದ್ದ ವ್ಯಾಸರಾಯರದೂ ಅವುಗಳಲ್ಲಿ ಒಂದು. ಬೃಂದಾವನದಲ್ಲಿ ಅವಶೇಷವು ಕಣ್ಣಿಗೆ ಕಾಣುವುದಿಲ್ಲ. ಕಾಣುವುದು ಕಲ್ಲಿನ ಕಟ್ಟಡ ಮಾತ್ರ. ಒಳಗೆ ಯತಿಗಳು ಇಂದಿಗೂ ಧ್ಯಾನಸ್ಥರೆಂಬ ಭಾವನೆಯಿಂದ ಭಕ್ತರು ಪ್ರದಕ್ಷಿಣೆ ಮಾಡುತ್ತಾರೆ. ಆದುದರಿಂದ ಅದನ್ನು ಅವಶೇಷವೆಂದು ಕರೆದರೆ ಅವರು ಒಪ್ಪಲಾರರು. ಅವರ ಪಾಲಿಗೆ ಅದು ಉಳಿಕೆಯಲ್ಲ, ಇರವು. ವಿಮರ್ಶಕನು ಈ ಭೇದವನ್ನು ಮನಸ್ಸಿನಲ್ಲಿಟ್ಟುಕೊಂಡೇ ಮುಂದುವರಿಯಬೇಕು.

ಈ ಕ್ಷೇತ್ರದ ವಿಷಯದಲ್ಲಿ ಬಹುಕಾಲದಿಂದ ನಡೆದುಬಂದ ವಾದವೊಂದಿದೆ. ಟೀಕಾಚಾರ್ಯರೆನಿಸಿದ ಜಯತೀರ್ಥರ ಮೂಲಬೃಂದಾವನವು ಮಳಖೇಡದಲ್ಲಿದೆಯೋ ಆನೆಗೊಂದಿಯಲ್ಲಿದೆಯೋ ಎಂಬುದು ಆ ವಾದ. ಎರಡು ಪಕ್ಷದವರೂ ಭಕ್ತರು. ಎರಡು ಪಕ್ಷದವರೂ ಗ್ರಂಥಗಳ ಆಧಾರವನ್ನು ತೋರುತ್ತಾರೆ, ಎದುರು ಪಕ್ಷದ ಆಧಾರವನ್ನು ಖಂಡಿಸುತ್ತಾರೆ. ಯಾವ ಪಕ್ಷ ಸರಿಯೆಂಬುದು ನಮ್ಮ ವಿಷಯವಲ್ಲ. ಸಂದೇಹವು ನಾಸ್ತಿಕರ ಸೊತ್ತೆಂದು ತಿಳಿಯುವುದು ತಪ್ಪೆಂಬುದಕ್ಕೆ ಇದು ಸಾಕ್ಷಿ. ಅವಶೇಷದ ಅತಿ ಕಠಿನನಾದ ಪರೀಕ್ಷಕನು ಅನೇಕ ವೇಳೆ ಅದೇ ಮತದ ಇನ್ನೊಬ್ಬ ಪಾಲಕನೇ ಆಗಿರುತ್ತಾನೆ. ಯೂರೋಪಿನಲ್ಲಿಯೂ ಅವಶೇಷಗಳ ಮೇಲಿನ ಅತ್ಯಂತ ತೀಕ್ಷ್ಣವಾದ ಟೀಕೆಯನ್ನು ೧೫೪೩ರಲ್ಲಿ ಬರೆದವನು ಕ್ಯಾಲ್ವಿನ್. ಅವನು ಧರ್ಮಸುಧಾರಕನೇ ಹೊರತು ಧರ್ಮದ್ವೇಷಿಯಲ್ಲ.

ಇನ್ನು ೨೦೧೯ರ ಜುಲೈ ತಿಂಗಳಿನ ದುರ್ಘಟನೆ. ಒಂದು ರಾತ್ರಿ ದುಷ್ಕರ್ಮಿಗಳು ವ್ಯಾಸರಾಯರ ಬೃಂದಾವನವನ್ನು ಒಡೆದು ಅಗೆದರು. ನಿಧಿಯ ಆಸೆಯೇ ಇದಕ್ಕೆ ಕಾರಣವೆಂದು ಪೊಲೀಸರು ಹೇಳಿ ಕೆಲವರನ್ನು ಬಂಧಿಸಿದರು. ಸುದ್ದಿ ಹರಡಿದೊಡನೆ ಬೇರೆಬೇರೆ ಮಠಗಳ ಯತಿಗಳೂ ಭಕ್ತರೂ ಅಲ್ಲಿಗೆ ಧಾವಿಸಿದರು. ಕೆಲವೇ ದಿನಗಳಲ್ಲಿ ಬೃಂದಾವನವು ಪುನಃ ನಿರ್ಮಿತವಾಗಿ ಪೂಜೆ ಮೊದಲಾಯಿತು. ಅಗೆದವರನ್ನು ಭಕ್ತರೆನ್ನಲಾಗುವುದಿಲ್ಲ, ಸಂದೇಹಿಗಳೆನ್ನಲೂ ಆಗುವುದಿಲ್ಲ. ಅವರಿಗೂ ಒಂದು ನಂಬಿಕೆಯಿತ್ತು: ಪೂಜ್ಯವಾದುದರ ಅಡಿಯಲ್ಲಿ ಬೆಲೆಬಾಳುವ ವಸ್ತುವೇನಾದರೂ ಇರಲೇಬೇಕೆಂಬುದು. ಇಷ್ಟು ಜನ ಇಷ್ಟು ಕಾಲ ಗೌರವಿಸುವುದಕ್ಕೆ ಚಿನ್ನವಲ್ಲದೆ ಬೇರೆ ಕಾರಣವಿರಬಹುದೆಂದು ಅವರಿಗೆ ಹೊಳೆಯಲಿಲ್ಲ. ಶಕ್ತಿಯು ವಸ್ತುವಿನಲ್ಲಿಯೇ ಅಡಗಿದೆಯೆಂಬ ಭಾವನೆಯನ್ನು ಕೊನೆಯವರೆಗೆ ಎಳೆದರೆ ಅದು ಗುದ್ದಲಿಯಲ್ಲಿ ಮುಗಿಯುತ್ತದೆ. ಅವರ ಕೃತ್ಯದಿಂದ ಕಲ್ಲು ಮುರಿಯಿತು. ಬೃಂದಾವನದ ಮಹಿಮೆಯು ಕಡಿಮೆಯಾಗಲಿಲ್ಲ. ಅದು ಕಾಯುವ ಜನರಲ್ಲಿತ್ತು. ಅವರು ಬಂದು ಮತ್ತೆ ಕಟ್ಟಿದರು.

೪

ಪಾಲನೆಯಲ್ಲಿಯೇ ಅವಶೇಷದ ಶಕ್ತಿಯಿದೆಯೆಂದ ಮಾತ್ರಕ್ಕೆ ಪಾಲನೆಯೆಲ್ಲವೂ ಶುದ್ಧವೆಂದು ಹೇಳಿದಂತಾಗುವುದಿಲ್ಲ. ಒಂದು ವಸ್ತುವನ್ನು ಕಾಯುವುದೆಂದರೆ ಕೆಲವರನ್ನು ಅದರಿಂದ ದೂರವಿಡುವುದೂ ಹೌದು. ಇಲ್ಲಿ ನಮ್ಮ ಸಿದ್ಧಾಂತಕ್ಕೆ ಕಠಿನವಾದ ಪರೀಕ್ಷೆ ಎದುರಾಗುತ್ತದೆ. ಆ ಪರೀಕ್ಷೆಯನ್ನು ಕನ್ನಡದಲ್ಲಿ ಅತ್ಯಂತ ಗಂಭೀರವಾಗಿ ಒಡ್ಡಿದ ಕೃತಿ ೧೯೭೩ರಲ್ಲಿ ಪ್ರಕಟವಾದ ‘ಭಾರತೀಪುರ’.

ಕಥಾನಾಯಕನಾದ ಜಗನ್ನಾಥನು ಇಂಗ್ಲೆಂಡಿನಲ್ಲಿ ಓದಿ ಬಂದ ಜಮೀನ್ದಾರ. ಮಂಜುನಾಥನ ಕ್ಷೇತ್ರವಾದ ಭಾರತೀಪುರದಲ್ಲಿ ಅಸ್ಪೃಶ್ಯರಿಗೆ ದೇವಾಲಯ ಪ್ರವೇಶ ಮಾಡಿಸಬೇಕೆಂಬುದು ಅವನ ಸಂಕಲ್ಪ. ಅದರ ಪೂರ್ವಸಿದ್ಧತೆಯೆಂಬಂತೆ ಅವನು ತನ್ನ ಮನೆಯ ದೇವರ ಕೋಣೆಯಿಂದ ಸಾಲಿಗ್ರಾಮವನ್ನು ಅಂಗಳಕ್ಕೆ ತಂದು, ಪಿಳ್ಳ ಮೊದಲಾದ ಹೊಲೆಯರಿಗೆ ಮುಟ್ಟಿರೆಂದು ಹೇಳುತ್ತಾನೆ. ಮನೆಯ ಚಿಕ್ಕಿಯ ಸಂಕಟ ಒಂದು ಕಡೆ, ಎದುರಿಗೆ ನಿಂತವರ ಭಯ ಇನ್ನೊಂದು ಕಡೆ. ಅವರು ಹಿಂಜರಿಯುತ್ತಾರೆ. ಜಗನ್ನಾಥನ ಮಾತು ಬೋಧನೆಯಿಂದ ಆಜ್ಞೆಗೆ ತಿರುಗುತ್ತದೆ. ಕೊನೆಗೆ ಅವರು ಮುಟ್ಟಿ ಹೊರಟುಹೋಗುತ್ತಾರೆ. ಅವನು ಸಾಲಿಗ್ರಾಮವನ್ನು ಎಸೆದುಬಿಡುತ್ತಾನೆ.

ಸಾಲಿಗ್ರಾಮವು ಅವಶೇಷವೆ ಎಂಬ ಆಕ್ಷೇಪಕ್ಕೆ ಮೊದಲು ಸಮಾಧಾನ ಹೇಳಬೇಕು. ಶಾಸ್ತ್ರದ ಪ್ರಕಾರ ಅದು ವಿಷ್ಣುವಿನ ಸ್ವರೂಪವೇ. ಯಾವ ವ್ಯಕ್ತಿಯ ಉಳಿಕೆಯೂ ಅಲ್ಲ. ಭೂವಿಜ್ಞಾನಿಯನ್ನು ಕೇಳಿದರೆ, ನೇಪಾಳದ ಗಂಡಕಿಯಲ್ಲಿ ದೊರೆಯುವ ಈ ಕಲ್ಲುಗಳ ಸುರುಳಿಯು ಕೋಟ್ಯಂತರ ವರ್ಷಗಳ ಹಿಂದೆ ಕಡಲಿನಲ್ಲಿದ್ದು ವಂಶವೇ ಅಳಿದುಹೋದ ಅಮೋನೈಟ್ ಎಂಬ ಜೀವಿಯ ಪಳೆಯುಳಿಕೆ ಎನ್ನುತ್ತಾನೆ. ಹೀಗೆ ವಿಜ್ಞಾನದ ದೃಷ್ಟಿಯಿಂದ ಅದು ಅಕ್ಷರಶಃ ಅವಶೇಷ, ಭಕ್ತಿಯ ದೃಷ್ಟಿಯಿಂದ ಸಾಕ್ಷಾತ್ ದೇವರು. ಈ ಎರಡು ತಿಳಿವಳಿಕೆಗಳೂ ಒಬ್ಬನ ಮನಸ್ಸಿನಲ್ಲಿಯೇ ಒಟ್ಟಿಗೆ ಇರುವುದನ್ನು ನಾವು ನಿತ್ಯವೂ ಕಾಣುತ್ತೇವೆ. ಮನೆತನದಲ್ಲಿ ತಲೆಮಾರುಗಳಿಂದ ಕಾಯ್ದು ಬಂದ ವಸ್ತುವಾದುದರಿಂದ ಪ್ರಕೃತ ಚರ್ಚೆಗೆ ಅದು ಪೂರ್ಣವಾಗಿ ಸಲ್ಲುತ್ತದೆ.

ಜಗನ್ನಾಥನ ಪ್ರಯೋಗವು ಏಕೆ ಸೋಲುತ್ತದೆ? ಇದು ಬರಿಯ ಕಲ್ಲೆಂದು ಅವನು ಸಾಧಿಸಹೊರಟಿದ್ದಾನೆ. ಬರಿಯ ಕಲ್ಲೇ ಆಗಿದ್ದರೆ ಅಂಗಳದ ಯಾವ ಕಲ್ಲನ್ನಾದರೂ ಮುಟ್ಟಿಸಬಹುದಾಗಿತ್ತು. ಅವನು ಸಾಲಿಗ್ರಾಮವನ್ನೇ ಆರಿಸಿದುದಕ್ಕೆ ಕಾರಣ, ಅದು ಇತರರಿಗೆ ಬರಿಯ ಕಲ್ಲಲ್ಲವೆಂಬುದು. ಅವನ ಸಂದೇಹವು ಪರರ ನಂಬಿಕೆಯ ಸಾಲದಿಂದ ಬದುಕುತ್ತದೆ. ಅವನು ಕೈಯಲ್ಲಿ ಹಿಡಿದ ಕ್ಷಣದಲ್ಲಿ ಆ ಕಲ್ಲಿಗೆ ಹಿಂದೆಂದಿಗಿಂತ ಹೆಚ್ಚಿನ ತೂಕ ಬರುತ್ತದೆ. ಇದು ಮೊದಲನೆಯ ಕಾರಣ. ಎರಡನೆಯದು ಇನ್ನೂ ಮುಖ್ಯವಾದುದು. ಮುಟ್ಟಿರೆಂದು ಆಜ್ಞಾಪಿಸುವವನು ಒಡೆಯ, ಆಜ್ಞೆಗೆ ಒಳಗಾದವರು ಅವನ ಆಳುಗಳು. ಕಲ್ಲಿನ ಭಯವನ್ನು ಒಡೆಯನ ಭಯವು ಗೆಲ್ಲುತ್ತದೆ, ಅಷ್ಟೆ. ಯಾವ ದೂರವನ್ನು ಅಳಿಸಬೇಕೆಂದು ಅವನು ಹೊರಟನೋ ಅದೇ ದೂರದ ಬಲದಿಂದ ಅವರ ಕೈಗಳು ಮುಂದೆ ಬಂದುವು. ಈ ಸೋಲನ್ನು ಲೇಖಕರು ಮುಚ್ಚಿಡದೆ ನಾಯಕನಿಗೇ ಅರಿವಾಗುವಂತೆ ಚಿತ್ರಿಸಿರುವುದು ಕಾದಂಬರಿಯ ದೊಡ್ಡ ಗುಣ.

ಕೃತಿಯ ಅಂತ್ಯದಲ್ಲಿ ಇದೇ ವಿಚಾರವು ಇನ್ನೂ ದೊಡ್ಡ ಪ್ರಮಾಣದಲ್ಲಿ ಮರುಕಳಿಸುತ್ತದೆ. ದೇವಾಲಯ ಪ್ರವೇಶದ ಸಂದರ್ಭದಲ್ಲಿ ಅರ್ಚಕರ ಮಗನೇ ಲಿಂಗವನ್ನು ಕಿತ್ತು ಹೊಳೆಗೆ ಎಸೆಯುತ್ತಾನೆ. ಒಳಹೊಕ್ಕವರಿಗೆ ದೊರೆಯುವುದು ಬರಿದಾದ ಗರ್ಭಗುಡಿ. ವಸ್ತುವು ಇಲ್ಲವಾದರೂ ಅದರ ಸುತ್ತಣ ವ್ಯವಸ್ಥೆಯು ಇಲ್ಲವಾಗುವುದಿಲ್ಲ. ಇನ್ನೊಂದು ಲಿಂಗವನ್ನು ಪ್ರತಿಷ್ಠಿಸುವುದು ಕಷ್ಟವಲ್ಲ.

ಆದರೆ ಈ ಪ್ರಸಂಗದ ಒಂದು ಕೊರತೆಯನ್ನೂ ಹೇಳಲೇಬೇಕು. ಅಂಗಳದಲ್ಲಿ ನಿಂತವರ ಮನಸ್ಸಿನೊಳಗೆ ಏನು ನಡೆಯಿತೆಂಬುದು ನಮಗೆ ತಿಳಿಯುವುದಿಲ್ಲ. ಎಲ್ಲವನ್ನೂ ಜಗನ್ನಾಥನ ಕಣ್ಣಿನಿಂದಲೇ ನೋಡುತ್ತೇವೆ. ಅವರು ಅಂಜಿದ್ದು ದೇವರಿಗೋ, ಊರಿನವರ ಪ್ರತೀಕಾರಕ್ಕೋ, ಅಥವಾ ತಮ್ಮನ್ನು ಪ್ರಯೋಗದ ವಸ್ತುಗಳನ್ನಾಗಿ ಮಾಡಿದ ಒಡೆಯನ ವಿಚಿತ್ರವಾದ ಹಟಕ್ಕೋ? ಮುಟ್ಟಬೇಕೆಂಬ ಬಯಕೆ ಅವರಲ್ಲಿ ಒಬ್ಬನಿಗಾದರೂ ಇದ್ದಿತೆ? ಕಾದಂಬರಿಯು ಈ ಪ್ರಶ್ನೆಗಳ ಹೊಸ್ತಿಲಿನವರೆಗೆ ಬಂದು ನಿಲ್ಲುತ್ತದೆ. ಕಾಯುವವರ ಸಂಕಟಕ್ಕೂ ಸಂದೇಹಿಯ ಸಂಕಟಕ್ಕೂ ಮಾತು ದೊರೆತಷ್ಟು, ಹೊರಗಿಡಲ್ಪಟ್ಟವರ ಸಂಕಟಕ್ಕೆ ದೊರೆತಿಲ್ಲ. ಪವಿತ್ರ ವಸ್ತುವನ್ನು ಕುರಿತ ಯಾವ ವಿಚಾರವೂ ಈ ಮೂರನೆಯವರನ್ನು ಕೇಳದೆ ಪೂರ್ಣವಾಗದು.

೫

ಅನಂತಮೂರ್ತಿಯವರು ‘ಬೆತ್ತಲೆ ಪೂಜೆ ಯಾಕೆ ಕೂಡದು?’ ಎಂಬ ತಮ್ಮ ಪ್ರಬಂಧದಲ್ಲಿ, ಬಾಲ್ಯದಲ್ಲಿ ದೈವದ ಕಲ್ಲನ್ನು ಅಪವಿತ್ರಗೊಳಿಸಿ ಏನಾಗುವುದೋ ಎಂದು ತಾವೇ ಪರೀಕ್ಷಿಸಿದ ಪ್ರಸಂಗವನ್ನು ಹೇಳಿದ್ದಾರೆ. ೨೦೧೪ರಲ್ಲಿ ಡಾ. ಎಂ. ಎಂ. ಕಲಬುರ್ಗಿಯವರು ಬೆಂಗಳೂರಿನ ಸಭೆಯೊಂದರಲ್ಲಿ ಆ ಮಾತನ್ನು ಉಲ್ಲೇಖಿಸಿದಾಗ ತೀವ್ರವಾದ ಪ್ರತಿಭಟನೆಗಳಾದುವು. ೨೦೧೫ರ ಆಗಸ್ಟ್ ೩೦ರಂದು ಕಲಬುರ್ಗಿಯವರು ಧಾರವಾಡದ ತಮ್ಮ ಮನೆಯಲ್ಲಿ ಹತ್ಯೆಗೀಡಾದರು. ಆ ಹತ್ಯೆಯ ಹಿನ್ನೆಲೆಯನ್ನು ನಿರ್ಣಯಿಸುವುದು ನ್ಯಾಯಾಲಯದ ಕೆಲಸ, ಲೇಖನದ ಕೆಲಸವಲ್ಲ. ಆದರೆ ಪ್ರಶ್ನಿಸುವ ವಿದ್ವಾಂಸನ ಪ್ರಾಣಕ್ಕೆ ರಕ್ಷಣೆಯಿಲ್ಲದ ಕಡೆ ಅವಶೇಷಗಳ ಪಾವಿತ್ರ್ಯವನ್ನು ಕುರಿತು ಶಾಂತವಾಗಿ ಚರ್ಚಿಸುವುದು ಹೇಗೆಂದು ಅಧ್ಯಾಪಕರಾದ ನಾವು ಕೇಳಿಕೊಳ್ಳದಿರಲಾಗದು. ಮೇಲೆ ನಾವು ಒಂದು ಬಗೆಯ ಸಂದೇಹದ ಸೋಲನ್ನು ತೋರಿಸಿದ್ದೇವೆ. ಅದನ್ನು ಸಂದೇಹಕ್ಕೇ ವಿರುದ್ಧವಾದ ವಾದವೆಂದು ಯಾರೂ ತಿಳಿಯಬಾರದು. ಕಲಬುರ್ಗಿಯವರ ಜೀವನದ ಮಹತ್ಕಾರ್ಯವೇ ಈ ತಪ್ಪು ತಿಳಿವಳಿಕೆಗೆ ಉತ್ತರವಾಗಿದೆ. ಹದಿನೈದು ಸಂಪುಟಗಳ ‘ಸಮಗ್ರ ವಚನ ಸಂಪುಟ’ಕ್ಕೆ ಅವರು ಪ್ರಧಾನ ಸಂಪಾದಕರಾಗಿದ್ದರು. ಪಾಠಗಳನ್ನು ಒಂದೊಂದಾಗಿ ಸಂದೇಹಿಸಿ, ಹೋಲಿಸಿ, ನಿಶ್ಚಯಿಸುವುದೇ ಅಂಥ ಸಂಪಾದನೆಯ ವಿಧಾನ.

ಈ ಕಾರ್ಯದ ಮೂಲವು ನಮ್ಮನ್ನು ಮತ್ತೆ ವಿಜಯಪುರಕ್ಕೆ ಕರೆದೊಯ್ಯುತ್ತದೆ. ಅಸರ್ ಮಹಲಿನ ಊರಿನಲ್ಲಿಯೇ ವಕೀಲರಾಗಿದ್ದ ಫ. ಗು. ಹಳಕಟ್ಟಿಯವರು (೧೮೮೦–೧೯೬೪) ಮಠಗಳಿಗೂ ಮನೆಗಳಿಗೂ ಅಲೆದು ವಚನಗಳ ಓಲೆಗರಿಗಳನ್ನು ಸಂಗ್ರಹಿಸಿದರು. ಅನೇಕ ಮನೆಗಳಲ್ಲಿ ಆ ಕಟ್ಟುಗಳು ದೇವರ ಜಗಲಿಯ ಮೇಲೆ ಪೂಜೆಗೊಳ್ಳುತ್ತಿದ್ದುವು. ಬಿಚ್ಚಿ ಓದುವವರು ಇರಲಿಲ್ಲ. ಸ್ಥಾವರವನ್ನು ಹಿಂದಿಟ್ಟು ಜಂಗಮವನ್ನು ಮುಂದಿಟ್ಟ ಶರಣರ ಮಾತುಗಳೇ ಸ್ಥಾವರವಾಗಿ ವಿಭೂತಿ ಪತ್ರೆಗಳ ನಡುವೆ ಕುಳಿತಿದ್ದುವು. ಇದನ್ನು ವಿಪರ್ಯಾಸವೆಂದು ನಗುವುದಕ್ಕೆ ಮೊದಲು ಒಂದು ವಿಷಯವನ್ನು ಯೋಚಿಸಬೇಕು. ಆ ಮನೆಗಳವರು ಪೂಜಿಸದಿದ್ದರೆ ಗರಿಗಳು ಹುಳುವಿಗೂ ಒಲೆಗೂ ಎಂದೋ ಆಹುತಿಯಾಗುತ್ತಿದ್ದುವು. ಹಳಕಟ್ಟಿಯವರು ಬಿಚ್ಚದಿದ್ದರೆ ಗರಿಗಳು ಉಳಿದರೂ ವಚನಗಳು ಉಳಿಯುತ್ತಿರಲಿಲ್ಲ. ೧೯೨೩ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗವು ಹೊರಬಂದಿತು, ೧೯೨೬ರಲ್ಲಿ ‘ಶಿವಾನುಭವ’ ಪತ್ರಿಕೆ ಆರಂಭವಾಯಿತು. ಜಗಲಿಯ ಸಮೀಪಕ್ಕೆ ಬರುವ ಅಧಿಕಾರವಿಲ್ಲದವರ ಕೈಗೂ ಅಚ್ಚಾದ ಪುಸ್ತಕವು ತಲುಪಿತು. ಜಗನ್ನಾಥನು ಒಂದು ಸಂಜೆಯ ಆಜ್ಞೆಯಿಂದ ಮಾಡಹೊರಟುದನ್ನು, ಬೇರೊಂದು ಕ್ಷೇತ್ರದಲ್ಲಿ, ಹಳಕಟ್ಟಿಯವರು ಹಲವು ವರ್ಷಗಳ ಓದಿನಿಂದ ಸ್ವಲ್ಪಮಟ್ಟಿಗೆ ಸಾಧಿಸಿದರು. ಕಟ್ಟನ್ನು ಬಿಚ್ಚುವಾಗ ಕಾದವರ ಮನಸ್ಸನ್ನು ನೋಯಿಸುವ ಅಗತ್ಯ ಅವರಿಗೆ ಬೀಳಲಿಲ್ಲ. ಬಿಚ್ಚಿದ ಮೇಲೆ ಅದರೊಳಗಿನ ಮಾತನ್ನು ಮರೆಮಾಡಲೂ ಇಲ್ಲ.

ಆದುದರಿಂದ ಅವಶೇಷದ ಎದುರಿಗೆ ನಿಂತ ಸಂಶೋಧಕನು ಮೂರು ಪ್ರಶ್ನೆಗಳನ್ನು ಕೇಳಬೇಕೆಂದು ನಮ್ಮ ಅಭಿಪ್ರಾಯ. ಇದನ್ನು ಯಾರು, ಹೇಗೆ ಕಾಯ್ದು ತಂದರು? ಕಾಯುವಾಗ ಯಾರನ್ನು ಹೊರಗಿಟ್ಟರು? ಇದರಲ್ಲಿ ಓದುವುದಕ್ಕೆ ಏನಿದೆ? ಇದು ನಿಜವೆ ಎಂಬ ಪ್ರಶ್ನೆಯನ್ನು ಕೈಬಿಡಬೇಕೆಂದು ನಾವು ಹೇಳುವುದಿಲ್ಲ. ಅದಕ್ಕೆ ದೊರೆತ ಉತ್ತರವನ್ನು ನಿರ್ಭಯವಾಗಿ ಹೇಳುವುದು ವಿದ್ವಾಂಸನ ಕರ್ತವ್ಯ. ಆದರೆ ಅದೊಂದನ್ನೇ ಕೇಳಿ ಹಿಂತಿರುಗಿದವನು ವಸ್ತುವನ್ನು ಕಂಡು ಜನರನ್ನು ಕಾಣದೆ ಬಂದವನಾಗುತ್ತಾನೆ.

ತಣಿಸಂದ್ರದಿಂದ ಹೆಚ್ಚು ದೂರವಿಲ್ಲದ ಹೆಬ್ಬಾಳದಲ್ಲಿ ೨೦೧೮ರಲ್ಲಿ ಒಂದು ವೀರಗಲ್ಲು ಬೆಳಕಿಗೆ ಬಂದಿತು. ಗಂಗ ಅರಸನಾದ ಶ್ರೀಪುರುಷನ ಕಾಲದ, ಸುಮಾರು ೭೫೦ರ ಕನ್ನಡ ಶಾಸನವುಳ್ಳ ಆ ಕಲ್ಲು, ಊರನ್ನು ಕಾಯಲು ಹೋರಾಡಿ ಮಡಿದ ಕಿತ್ತಯ್ಯನೆಂಬುವನ ಸ್ಮಾರಕ. ಅವನ ಅಸ್ಥಿಯೂ ಇಲ್ಲ, ಬೂದಿಯೂ ಇಲ್ಲ. ಹೆಸರು ಮಾತ್ರ ಇದೆ. ಬಹುಕಾಲ ಯಾರ ಗಮನಕ್ಕೂ ಬಾರದಿದ್ದ ಆ ಕಲ್ಲನ್ನು, ಅಕ್ಷರಗಳನ್ನು ಓದಿ ಹೇಳಿದ ಮೇಲೆ, ಜನರು ಹುಡುಕಿಕೊಂಡು ಬಂದು ನೋಡತೊಡಗಿದರು. ಅದಕ್ಕೆ ಆ ಗೌರವವನ್ನು ತಂದುಕೊಟ್ಟವರು ಲಿಪಿಯನ್ನು ಪರೀಕ್ಷಿಸಿ, ಕಾಲವನ್ನು ಸಂದೇಹಿಸಿ, ಪಾಠವನ್ನು ನಿರ್ಣಯಿಸಿದ ಶಾಸನಾಭ್ಯಾಸಿಗಳು. ನಮ್ಮ ವಿದ್ಯಾರ್ಥಿಗಳಲ್ಲಿ ಕೆಲವರಾದರೂ ಒಂದು ಬಿಡುವಿನ ದಿನ ಹೆಬ್ಬಾಳಕ್ಕೆ ಹೋಗಿ ಆ ಕಲ್ಲನ್ನು ನೋಡಿ, ಹಾಗೆಯೇ ತಂತಮ್ಮ ಊರುಗಳಲ್ಲಿ ಅರಿಸಿನ ಕುಂಕುಮಗಳ ಅಡಿಯಲ್ಲಿ ಓದದೆ ಉಳಿದ ಕಲ್ಲುಗಳೇನಾದರೂ ಇವೆಯೇ ಎಂದು ಕಾಯುವವರನ್ನೇ ವಿನಯದಿಂದ ಕೇಳಿ ತಿಳಿದುಕೊಂಡು ಬಂದರೆ ಈ ಲೇಖನದ ಶ್ರಮವು ಸಾರ್ಥಕವಾಗುತ್ತದೆ.